ನೂರ ಹನ್ನೆರಡನೇ ಪುಟ

ಮೊನ್ನೆ ಅಟ್ಟದ ಮೇಲಿನ ಪುಸ್ತಕಗಳನ್ನು ಇಳಿಸಿ ಧೂಳು ಹೊಡೆಯುತ್ತಿದ್ದಾಗ ಒಂದು ಹಳೆಯ ವ್ಯಾಕರಣ ಪುಸ್ತಕದೊಳಗಿಂದ ನಾಲ್ಕಾಗಿ ಮಡಿಸಿದ ಹಾಳೆಯೊಂದು ಜಾರಿ ಬಿತ್ತು. ಬಿಡಿಸಿ ನೋಡಿದರೆ ನನ್ನದೇ ಕೈ. ಅಡ್ಡಗೆರೆ, ಉದ್ದಗೆರೆ, ಗೆರೆಗಳ ನಡುವೆ ಗರಗಸದ ಹಲ್ಲಿನಂಥ ಗುರುತು, ಸುರುಳಿ, ಎದುರುಬದುರು ನಿಂತ ಎರಡು ಕಡ್ಡಿ. ನಾನು ಮೂವತ್ತು ವರ್ಷ ತುಮಕೂರಿನ ಹೈಸ್ಕೂಲೊಂದರಲ್ಲಿ ಕನ್ನಡ ಪಾಠ ಮಾಡಿದವನು. ಜೀವಮಾನದಲ್ಲಿ ನಾನು ಹಾಕಿದ ಗುರುತುಗಳೆಂದರೆ ಲಘು ಮತ್ತು ಗುರು. ಮಿಕ್ಕಿದ್ದೆಲ್ಲ ಮಕ್ಕಳ ಉತ್ತರ ಪತ್ರಿಕೆಯ ಮೇಲೆ ಹಾಕಿದ ತಪ್ಪು ಗುರುತು. ಏಣಿಯ ಮೇಲಿಂದ ಹಾಳೆಯನ್ನು ಇಣುಕಿ ನೋಡಿದ ನನ್ನ ಹೆಂಡತಿ ಗಿರಿಜ, "ಇದ್ಯಾವ ಛಂದಸ್ಸು ರೀ? ಪಾಪ ಯಾವ್ ಮಕ್ಕಳಿಗೆ ಕಲಿಸಿದ್ರಿ?" ಅಂದಳು. ಅಂದವಳಿಗೆ ತಟ್ಟನೆ ನೆನಪಾಯಿತು. ಪೊರಕೆ ಹಿಡಿದುಕೊಂಡೇ ಏಣಿಯ ಮೇಲೆ ಕೂತು ನಗತೊಡಗಿದಳು. ಅವಳು ನಕ್ಕರೆ ಏಣಿ ಅಲುಗಾಡುತ್ತದೆ. ಏಣಿಯನ್ನು ಕೆಳಗೆ ಹಿಡಿದುಕೊಂಡು ನಿಂತವನು ನಾನು. ಹೀಗೆ ನಮ್ಮ ಸಂಸಾರ ನಡೆದಿದೆ.

ಆ ನಗುವಿನ ಕಥೆ ನಿಮಗೆ ಹೇಳಬೇಕಾದರೆ ನನ್ನ ಮದುವೆಯಿಂದ ಶುರು ಮಾಡಬೇಕು. ಮದುವೆಯ ಕಥೆ ಹೇಳಬೇಕಾದರೆ ಅದಕ್ಕೂ ಹಿಂದೆ ಹೋಗಿ ಒಂದು ರೇಡಿಯೋದಿಂದ ಶುರು ಮಾಡಬೇಕು.

ಗಿರಿಜ ನನಗೆ ಸೋದರಮಾವನ ಮಗಳು. ಮಾವ ರುದ್ರಪ್ಪನವರು ಗುಬ್ಬಿಯ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ಆದರೆ ಗುಬ್ಬಿಯಲ್ಲಿ ಇಳಿದು ಡ್ರಾಯಿಂಗ್ ಮೇಷ್ಟ್ರ ಮನೆ ಎಲ್ಲಿ ಎಂದು ಕೇಳಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ರೇಡಿಯೋ ಮೇಷ್ಟ್ರು ಅನ್ನಬೇಕು. ನಾನು ಹುಟ್ಟಿದ ಆಸುಪಾಸಿನಲ್ಲಿ, ಊರಿನ ರೇಡಿಯೋಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದಾಗಿದ್ದಾಗ, ಮಾವ ತಮ್ಮ ಕೈಯಾರೆ ಒಂದು ರೇಡಿಯೋ ಕಟ್ಟಿದ್ದರು. ಹಲಸಿನ ಹಲಗೆಯ ಪೆಟ್ಟಿಗೆ. ಮುಂದಿನ ತಿರುಪುಗಳು ಅತ್ತೆಯ ಕುಂಕುಮದ ಭರಣಿಯ ಮರದ ಮುಚ್ಚಳಗಳು. ಧ್ವನಿ ಬರುವ ಕಡೆ ಬಿಗಿದ ಬಟ್ಟೆ ಅತ್ತೆಯ ಧಾರೆ ಸೀರೆಯ ಸೆರಗಿನ ತುಂಡು. ಅದಕ್ಕೆ ಕತ್ತರಿ ಹಾಕಿದ ದಿನ ಅತ್ತೆ ಊಟ ಮಾಡಲಿಲ್ಲವಂತೆ. ಮಾರನೆಯ ದಿನ ಸೆರಗಿನೊಳಗಿಂದ ಸುಪ್ರಭಾತ ಕೇಳಿದ ಮೇಲೆ ಸಮಾಧಾನವಾಗಿ ಎರಡು ದಿನದ ಊಟ ಒಟ್ಟಿಗೆ ಮಾಡಿದರಂತೆ.

ಸ್ಟೇಷನ್ ತೋರಿಸುವ ಮುಳ್ಳಿನ ಹಿಂದೆ ಒಂದು ದಪ್ಪ ಕಾಗದವಿತ್ತು. ಅದರ ಮೇಲೆ ಮಾವ ಗರಿಬಿಚ್ಚಿದ ನವಿಲೊಂದನ್ನು ಬರೆದು, ಗರಿಗೊಂದರಂತೆ ಊರಿನ ಹೆಸರು ಹಾಕಿದ್ದರು: ಬೆಂಗಳೂರು, ಮೈಸೂರು, ಮದರಾಸು, ಸಿಲೋನು, ದೆಹಲಿ. ಒಂದೇ ತೊಡಕು. ಬಣ್ಣದ ಕುಂಚ ಹಿಡಿದವರ ಆತುರದಲ್ಲಿ ಮಾವ ರೇಡಿಯೋ ಬಾಯಿಬಿಡುವ ಮುಂಚೆಯೇ ನವಿಲು ಬರೆದು ಮುಗಿಸಿದ್ದರು. ಹಾಗಾಗಿ ಮುಳ್ಳು ಮದರಾಸಿನ ಮೇಲೆ ನಿಂತರೆ ಬೆಂಗಳೂರು ಕೇಳುತ್ತಿತ್ತು. ಬೆಂಗಳೂರಿನ ಮೇಲೆ ನಿಂತರೆ ಬರೀ ಕೊರ್ ಕೊರ್. ಅಷ್ಟು ಚೆಂದದ ನವಿಲನ್ನು ಅಳಿಸಲು ಮಾವನಿಗೆ ಮನಸ್ಸಾಗಲಿಲ್ಲ. ನವಿಲನ್ನು ತಿದ್ದುವ ಬದಲು ಬೀದಿಯವರನ್ನು ತಿದ್ದಿದರು. "ಮೇಷ್ಟ್ರೇ, ಮದ್ರಾಸ್‌ಗೆ ಹಾಕಿ, ಬೆಂಗ್ಳೂರ್ ವಾರ್ತೆ ಟೈಮಾಯ್ತು" ಎಂದು ಜನ ಜಗುಲಿಯಿಂದಲೇ ಕೂಗುತ್ತಿದ್ದರು. ಗುಬ್ಬಿಯ ಆ ಬೀದಿಯಲ್ಲಿ ಬೆಳೆದ ಒಂದಿಡೀ ತಲೆಮಾರಿನ ಭೂಗೋಳ ಕೆಟ್ಟಿದ್ದು ಹೀಗೆ.

ಬೇಸಿಗೆ ರಜೆಗೆ ಹೋದಾಗ ಆ ರೇಡಿಯೋದ ಮುಂದೆ ಕೂರುವುದೇ ನನ್ನ ಕೆಲಸ. ಸ್ವಿಚ್ ಹಾಕಿದ ಕೂಡಲೇ ಅದು ಮಾತಾಡುತ್ತಿರಲಿಲ್ಲ. ಒಳಗಿನ ಗಾಜಿನ ವಾಲ್ವುಗಳು ಕಾಯಬೇಕು. ನಾನು ಪೆಟ್ಟಿಗೆಯ ತಲೆಯ ಮೇಲೆ ಅಂಗೈ ಇಟ್ಟು, ಬೆಚ್ಚಗಾಗುವ ತನಕ ಒಂದು, ಎರಡು ಎಂದು ಎಣಿಸುತ್ತಿದ್ದೆ. ನಲವತ್ತರ ಹತ್ತಿರ ಬಂದಾಗ ಗಂಟಲು ಸರಿಮಾಡಿಕೊಂಡು ಶುರುವಾಗುತ್ತಿತ್ತು. ಅಷ್ಟರಲ್ಲಿ ನವಿಲಿನ ಹಿಂದೆ ಸಣ್ಣ ಬಲ್ಬು ಹತ್ತಿಕೊಂಡಿರುತ್ತಿತ್ತು. ಆ ಬೆಳಕಿನಲ್ಲಿ ನವಿಲಿನ ಕಾಲ ಬಳಿ, ಗರಿಗಳ ಸಂದಿಯಲ್ಲಿ, ವಂಕಿ ವಂಕಿಯಾದ ಮರಿಹಾವುಗಳು ಮಸುಕಾಗಿ ಕಾಣುತ್ತಿದ್ದವು. ಬಲ್ಬು ಆರಿದರೆ ಹಾವುಗಳೂ ಇಲ್ಲ. "ಮಾವ, ನವಿಲು ಹಾವು ಹಿಡೀತಿದೆ" ಎಂದು ನಾನೊಮ್ಮೆ ಹೇಳಿದ್ದಕ್ಕೆ ಮಾವ ಯಾಕೋ ತಡಬಡಿಸಿ, "ಹೋಗ್ ಆಟ ಆಡ್ಕೋ ಹೋಗೋ" ಎಂದು ಗದರಿದ್ದರು. ಹಿತ್ತಲಲ್ಲಿ ರೇಡಿಯೋದ ಅರ್ತ್ ತಂತಿ ಹೂತಿದ್ದ ಗುಂಡಿಗೆ ದಿನಾ ಬೆಳಿಗ್ಗೆ ಒಂದು ತಂಬಿಗೆ ನೀರು ಹಾಕುವುದು ಅತ್ತೆಯ ಕೆಲಸ. ನೀರು ಹಾಕಿ, ಎರಡು ಹೂವು ಇಟ್ಟು ಕೈಮುಗಿಯುತ್ತಿದ್ದರು. ರೇಡಿಯೋದ ಬೇರು ಅಲ್ಲಿದೆ ಎಂದು ಅವರ ನಂಬಿಕೆ. ಒಂದು ಲೆಕ್ಕಕ್ಕೆ ಅದು ಸರಿಯೇ.

ಮಾವನಿಗೆ ಒಂದು ಮಾತಿನ ಮೇಲೆ ಬಹಳ ಹೆಮ್ಮೆ. ಯಾರಾದರೂ ರೇಡಿಯೋ ನೋಡಲು ಬಂದರೆ ಹಣೆಯ ವಿಭೂತಿಯ ಮೇಲೆ ಬೆರಳಿಟ್ಟು, "ಯಾವ್ ಪುಸ್ತಕನೂ ನೋಡಿಲ್ಲ. ಎಲ್ಲಾ ಇಲ್ಲಿಂದ ಬಂದಿದ್ದು" ಅನ್ನುತ್ತಿದ್ದರು. ಊರಿಗೆ ಊರೇ ಅದನ್ನು ನಂಬಿತ್ತು. ಒಬ್ಬ ಡ್ರಾಯಿಂಗ್ ಮೇಷ್ಟ್ರಿಗೆ ಎದ್ದು ನಿಂತು ನಮಸ್ಕಾರ ಹೇಳುತ್ತಿದ್ದರೆಂದರೆ ಆ ಮಾತಿಗಾಗಿಯೇ.

ನನ್ನ ಮದುವೆಯಲ್ಲಿ ಅಳಿಯನಿಗೆ ರೇಡಿಯೋ ಕೊಡುವ ಮಾತಾಗಿತ್ತು. ನಾನು ಕ್ಯಾಸೆಟ್ಟು ಹಾಕುವ, ದೀಪ ಮಿನುಗುವ ಟೂ-ಇನ್-ಒನ್ ಒಂದನ್ನು ಕನಸು ಕಂಡಿದ್ದೆ. ಮಾವ ಕೊಟ್ಟದ್ದು ನವಿಲಿನ ರೇಡಿಯೋ. ಕೊಡುವಾಗ ಅವರ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ ಇತ್ತು, ಕಾರಣ ಬೇರೆ. ತುಮಕೂರಿಗೆ ತಂದು ಒಂದು ವರ್ಷ ಹಾಡಿಸಿದೆವು. ಆಮೇಲೊಂದು ದಿನ ಅದು ಕೆಮ್ಮಿ ಸುಮ್ಮನಾಯಿತು. ರಿಪೇರಿಗೆ ಕೊಡಬೇಕು, ಕೊಡಬೇಕು ಎನ್ನುತ್ತಲೇ ಅಟ್ಟ ಹತ್ತಿಸಿದೆ. ಅಟ್ಟ ಹತ್ತಿದ ವಸ್ತು ನಮ್ಮ ಮನೆಯಲ್ಲಿ ಇಳಿದದ್ದು ಕಡಿಮೆ.

ಆದರೆ ಮಾವ ಸಿಕ್ಕಾಗಲೆಲ್ಲ ಕೇಳುವ ಮೊದಲ ಪ್ರಶ್ನೆ, ಮಗಳು ಹೇಗಿದ್ದಾಳೆ ಎಂದಲ್ಲ. "ಏನೋ ಶಿವಲಿಂಗು, ಹಾಡ್ತಿದ್ಯಾ?" ಎಂದು. ಮೊದಲ ಸಲ ಬಾಯಿತಪ್ಪಿ, "ಹೂಂ ಮಾವ, ದಿನಾ ಬೆಳಿಗ್ಗೆ" ಎಂದುಬಿಟ್ಟೆ. ಆಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ಧೈರ್ಯ ಬರಲಿಲ್ಲ. ವರ್ಷಕ್ಕೆ ಒಂದೋ ಎರಡೋ ಸಲ ಮಾವ ತುಮಕೂರಿಗೆ ಬರುವರು. ಬರುತ್ತಾರೆಂದು ತಿಳಿದ ಕೂಡಲೇ ರೇಡಿಯೋ ಅಟ್ಟದಿಂದ ಇಳಿದು, ಧೂಳು ಒರೆಸಿಕೊಂಡು, ಕ್ರೋಷಾ ಹೊದಿಕೆ ಹೊದ್ದು ಹಜಾರದ ಮೇಜಿನ ಮೇಲೆ ಕೂರುತ್ತಿತ್ತು. ನಾನು ಹೊರಗೆ ಹೋಗಿ ಮನೆಯ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದೆ. "ಛೆ, ಈಗ್ತಾನೆ ಹೋಯ್ತು ಮಾವ." ಪಕ್ಕದ ಮನೆಯ ವನಜಾಕ್ಷಮ್ಮನವರು ಆ ಹೊತ್ತಿನಲ್ಲೇ ಚಟ್ನಿಗೆ ಹಾಕಿ ಮಿಕ್ಸಿ ಗರ್ ಅನಿಸಿದರೆ ಗಿರಿಜ ಜೋರಾಗಿ ಕೆಮ್ಮುತ್ತಿದ್ದಳು. "ಏನ್ ಊರೋ ಇದು, ಕರೆಂಟೇ ಇರಲ್ವಲ್ಲ" ಎಂದು ಮಾವ ಬೈದುಕೊಂಡು, ಬೀಸಣಿಗೆ ಬೀಸಿಕೊಂಡು, ಸಂಜೆಯ ಬಸ್ಸಿಗೆ ಗುಬ್ಬಿಗೆ ಹೊರಡುವರು. ಹೀಗೆ ಹದಿನಾಲ್ಕು ವರ್ಷ ನಡೆಯಿತು. ಸುಳ್ಳು ಅಷ್ಟು ಹಳೆಯದಾದರೆ ಅದೂ ಮನೆಯ ಸಾಮಾನಿನಂತೆ ಆಗಿಬಿಡುತ್ತದೆ, ಇದೆ ಎಂದೇ ಗೊತ್ತಾಗುವುದಿಲ್ಲ.

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಮಾವನ ಎರಡೂ ಕಣ್ಣಿಗೆ ಪೊರೆ ಬಂತು. ಅತ್ತೆ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ತುಮಕೂರಿನ ಆಸ್ಪತ್ರೆಯಲ್ಲಿ ಒಂದು ಕಣ್ಣಿನ ಆಪರೇಷನ್ ಎಂದು ಗೊತ್ತಾಯಿತು. ಮಾವನಿಂದ ಕಾರ್ಡು ಬಂತು: "ಹತ್ತು ದಿನ ನಿಮ್ಮಲ್ಲಿರುತ್ತೇನೆ. ಓದುವಂತಿಲ್ಲ, ಬರೆಯುವಂತಿಲ್ಲ. ಬೇಸರವೇನಿಲ್ಲ, ನನ್ನ ರೇಡಿಯೋ ಇದೆಯಲ್ಲ. ನಿಮ್ಮತ್ತೆಯ ಸೆರಗಿನ ಪಕ್ಕ ಕೂತು ಕೇಳುತ್ತೇನೆ."

ಹತ್ತು ದಿನ ಫ್ಯೂಸ್ ಕೀಳುವುದು ಸಾಧ್ಯವಿಲ್ಲ. ಅದು ಬಿಡಿ, ಆ ಕೊನೆಯ ಸಾಲನ್ನು ಮತ್ತೆ ಮತ್ತೆ ಓದಿದೆ. ಅಲ್ಲಿಯ ತನಕ ನನ್ನ ಹೆದರಿಕೆ ಸಿಕ್ಕಿಬೀಳುತ್ತೇನೆಂದಷ್ಟೇ ಇತ್ತು. ಈಗ ಆ ಮುದುಕನ ಹತ್ತು ದಿನದ ಕತ್ತಲಿಗೆ ನಾನು ಇಟ್ಟಿರುವುದು ಒಂದು ಸತ್ತ ಪೆಟ್ಟಿಗೆ ಎಂದು ನಾಚಿಕೆಯಾಯಿತು. ಮೂರು ವಾರ ಸಮಯವಿತ್ತು. ರೇಡಿಯೋವನ್ನು ಸೈಕಲ್ಲಿನ ಕ್ಯಾರಿಯರ್‌ಗೆ ಕಟ್ಟಿ ಖಲೀಲ್ ಸಾಹೇಬರ ಅಂಗಡಿಗೆ ತಳ್ಳಿಕೊಂಡು ಹೊರಟೆ.

ಖಲೀಲ್ ಸಾಹೇಬರು ಮಂಡಿಪೇಟೆಯ ಹಿಂದಿನ ಸಂದಿಯಲ್ಲಿ ಐವತ್ತು ವರ್ಷದಿಂದ ರೇಡಿಯೋ ರಿಪೇರಿ ಮಾಡಿಕೊಂಡು ಬಂದವರು. ಆಗ ಅವರ ಅಂಗಡಿ ತುಂಬ ಮಿಕ್ಸಿ, ಟೀವಿ. ವಾಲ್ವ್ ರೇಡಿಯೋ ಕಂಡದ್ದೇ ಕನ್ನಡಕ ಬದಲಾಯಿಸಿ, "ಸುಭಾನಲ್ಲಾ, ಬಾರಪ್ಪ ಬಾ" ಎಂದು ಅದನ್ನು ಎರಡೂ ಕೈಯಲ್ಲಿ ಇಳಿಸಿಕೊಂಡರು. ಹಿಂದಿನ ಹಲಗೆ ಬಿಚ್ಚಿದರು. ಒಳಗಿಂದ ಇಲಿಯ ಹಿಕ್ಕೆ ಒಂದು ಬೊಗಸೆ ಬಂತು. ತಂತಿಗಳೆಲ್ಲ ಕತ್ತರಿಸಿಹೋಗಿ, ಯಾವುದು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತಿತ್ತು ಎಂದು ಹೇಳುವವರಿಲ್ಲದೆ ನೇತಾಡುತ್ತಿದ್ದವು.

"ಮೇಷ್ಟ್ರೇ, ಕಂಪ್ನಿ ರೇಡಿಯೋ ಆದ್ರೆ ನಂಗೆ ಕಣ್ಮುಚ್ಕೊಂಡ್ ಗೊತ್ತು. ಇದು ಮನೆ ಅಡುಗೆ. ಮಾಡ್ದೋರು ಏನ್ ಹಾಕವ್ರೆ, ಎಷ್ಟ್ ಹಾಕವ್ರೆ, ಅವ್ರೇ ಹೇಳ್ಬೇಕು. ನಿಮ್ಮ ಮಾವನೋರ್‌ನ ಕೇಳಿ."

"ಅದೊಂದ್ ಆಗಲ್ಲ ಸಾಹೇಬ್ರೇ."

ಅವರು ಟಾರ್ಚು ಬಿಟ್ಟು ಒಳಗೆ ನೋಡಿದರು. ನೋಡಿ, ಸಣ್ಣಗೆ ಶಿಳ್ಳೆ ಹಾಕಿದರು. ತಗಡಿನ ಮೇಲೆ, ಒಂದೊಂದು ಭಾಗದ ಪಕ್ಕದಲ್ಲೂ, ಮಾವನ ಮುತ್ತಿನಂಥ ಅಕ್ಷರದಲ್ಲಿ ಪೆನ್ಸಿಲಿನಿಂದ ಬರೆದಿತ್ತು: "ಪು. 68", "ಪು. 71", "ಪು. 74". ಒಂದು ಮೂಲೆಯಲ್ಲಿ ಅಡಿಗೆರೆ ಹಾಕಿ: "ಮಿಕ್ಕಿದ್ದೆಲ್ಲ ಪು. 112".

ಯಾವ ಪುಸ್ತಕನೂ ನೋಡಿಲ್ಲ, ಎಲ್ಲಾ ಇಲ್ಲಿಂದ ಬಂದಿದ್ದು! ಅಂಗಡಿಯಲ್ಲಿ ನಿಂತೇ ನನಗೆ ನಗು ಬಂತು. ಆಮೇಲೆ ನಗು ನಿಂತಿತು. ಪುಸ್ತಕ ಯಾವುದು ಎಂದು ಮಾವನನ್ನು ಕೇಳಿದರೆ ನನ್ನ ಸುಳ್ಳೂ ಹೊರಗೆ ಬರುತ್ತದೆ, ಅವರದೂ ಬರುತ್ತದೆ. ನನ್ನದು ಹೋದರೆ ಹೋಗಲಿ. ಗುಬ್ಬಿಯಲ್ಲಿ ಎದ್ದು ನಿಂತು ನಮಸ್ಕಾರ ಹೇಳಿಸಿಕೊಳ್ಳುವ ಎಪ್ಪತ್ತೈದು ವರ್ಷದವರಿಗೆ, ಕಣ್ಣಿಗೆ ಪಟ್ಟಿ ಕಟ್ಟುವ ವಾರದಲ್ಲಿ, ಇದನ್ನು ಹೇಗೆ ಕೇಳುವುದು?

"ನಂಗೆ ಪುಸ್ತಕ ಗೊತ್ತು" ಎಂದರು ಖಲೀಲ್ ಸಾಹೇಬರು. "ಕೆಂಪು ಕ್ಯಾಲಿಕೋ ಬೈಂಡು, ಇಷ್ಟ್ ದಪ್ಪ. ನಾವೆಲ್ಲಾ ಅದ್ರಲ್ಲೇ ಕಲ್ತಿದ್ದು. ಕೆಂಪು ಪುಸ್ತಕ ಅಂತ್ಲೇ ಕರೀತಿದ್ವಿ. ನನ್ದು ನೀರ್ ಬಿದ್ದು ಹಾಳಾಗೋಯ್ತು. ಎಲ್ಲಾದ್ರೂ ಹುಡ್ಕಿ ತನ್ನಿ, ಒಂದ್ ವಾರದಲ್ಲಿ ಹಾಡಿಸ್ತೀನಿ."

ಹುಡುಕಲು ಹೊರಟೆ. ತುಮಕೂರಿನ ಹಳೇ ಪುಸ್ತಕದವನ ಬಳಿ ಎರಡು ಭಾನುವಾರ ಕಳೆದೆ. ರಾಶಿಯ ಬುಡದಲ್ಲಿ ಕೆಂಪು ಬೈಂಡು ಕಂಡಾಗಲೆಲ್ಲ ಎದೆ ಹಾರುತ್ತಿತ್ತು. ಎಳೆದರೆ ಒಂದು ಸಲ ಟೈಪಿಂಗ್ ಕಲಿಕೆ, ಒಂದು ಸಲ ಕೋಳಿ ಸಾಕಣೆ, ಒಂದು ಸಲ ಸಂಪೂರ್ಣ ಹೋಮಿಯೋಪತಿ. ನಮ್ಮ ಜಾತಿಯ ಜನರಿಗೆ, ಅಂದರೆ ಪುಸ್ತಕ ಕಂಡರೆ ಕೈ ಕೆರೆಯುವವರಿಗೆ, ಇಂಥ ಕೆಲಸ ವಹಿಸಬಾರದು. ರೇಡಿಯೋ ಪುಸ್ತಕಕ್ಕೆಂದು ಹೋದವನು ಮೊದಲ ಭಾನುವಾರ ಎರಡು ವ್ಯಾಕರಣ, ಎರಡನೆಯ ಭಾನುವಾರ ಅರ್ಧ ನಿಘಂಟು ತಂದೆ. 'ಪ'ದಿಂದ ಮುಂದೆ ಮಾತ್ರ ಇತ್ತು. "ರೇಡಿಯೋ 'ರ'ದಲ್ಲಿ ಬರತ್ತಲ್ಲ, ಸರಿ ಬಿಡಿ" ಎಂದಳು ಗಿರಿಜ.

ಇನ್ನು ಉಳಿದದ್ದು ಗುಬ್ಬಿಯ ಹಳೆಯ ವಾಚನಾಲಯ. ಮಾವ ಪುಸ್ತಕ ನೋಡಿದ್ದರೆ ಅಲ್ಲಿಯೇ ನೋಡಿರಬೇಕು. ಆದರೆ ಗುಬ್ಬಿಯಲ್ಲಿ ಮೇಷ್ಟ್ರ ಅಳಿಯ ಕದ್ದು ಓಡಾಡುವುದುಂಟೇ? ಬಸ್ಸು ಬಿಟ್ಟು ರೈಲಿನಲ್ಲಿ ಹೋದೆ. ಸ್ಟೇಷನ್ನಿನಿಂದ ಹಿಂದಿನ ಬೀದಿ ಹಿಡಿದೆ. ಬಿಸಿಲೂ ಇಲ್ಲ, ಮಳೆಯೂ ಇಲ್ಲ, ಕೊಡೆ ಬಿಚ್ಚಿ ಮುಖದ ಮುಂದೆ ಹಿಡಿದೆ. ಅದೇ ತಪ್ಪಾಯಿತು. ಸುಮ್ಮನೆ ಹೋಗಿದ್ದರೆ ನೋಡದೆ ಇರುತ್ತಿದ್ದವರೂ ಕೊಡೆ ನೋಡಿ ತಿರುಗಿ ನೋಡಿದರು. "ಏನ್ ಅಳಿಯಂದ್ರೇ, ಯಾವಾಗ್ ಬಂದ್ರಿ?" ಒಬ್ಬರು. "ಮೇಷ್ಟ್ರು ಮನೇಲೇ ಅವ್ರೆ, ಈ ಕಡೆ ಯಾಕ್ ಹೋಯ್ತಿದೀರಿ?" ಇನ್ನೊಬ್ಬರು. ನಾನು ವಾಚನಾಲಯದ ಬಾಗಿಲು ದಾಟಿ, ಅಲ್ಲಿದ್ದ ಲೈಬ್ರರಿಯನ್ನರಿಗೆ "ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ" ಎಂದು ಇನ್ನೊಂದು ಸುಳ್ಳು ಹೇಳಿ ಕೆಂಪು ಪುಸ್ತಕದ ಗುರುತು ಹೇಳಿದೆ. "ಅಯ್ಯೋ, ಆ ಹಳೇ ಪುಸ್ತಕಗಳಾ ಸಾರ್? ಕಟ್ಟಡ ಸೋರ್ತಿತ್ತು ಅಂತ ತೆಗೆದ್ ಹಾಕಿದ್ರು. ಕುಣಿಗಲ್‌ನೋರು ಒಬ್ರು ಗೋಣಿಚೀಲದಲ್ಲಿ ತುಂಬ್ಕೊಂಡ್ ಹೋದ್ರು. ನಂಜೇಗೌಡ್ರು ಅಂತ. ಮಿಲಿಟ್ರೀಲಿ ವೈರ್‌ಲೆಸ್‌ನಲ್ಲಿದ್ದೋರು" ಅಂದರು.

ವಿಳಾಸ ಬರೆದುಕೊಳ್ಳುತ್ತಿದ್ದೇನೆ, ಹಿಂದಿನಿಂದ ಗಂಟಲು ಕೇಳಿಸಿತು. "ಏನೋ ಶಿವಲಿಂಗು, ಮನೆಗ್ ಬರ್ದೆ ಇಲ್ಲೇನೋ ಮಾಡ್ತಿದೀಯ?"

ಮಾವ. ಕಣ್ಣು ಮಂಜಾಗಿದ್ದರೂ ಕೈಯಲ್ಲಿ ಕೋಲು ಹಿಡಿದು ಬಂದುಬಿಟ್ಟಿದ್ದರು. ದಾರಿಯಲ್ಲಿ ನನ್ನನ್ನು ಕಂಡವರಲ್ಲಿ ಮೂವರು ಹೋಗಿ ಸುದ್ದಿ ಮುಟ್ಟಿಸಿದ್ದರಂತೆ.

"ಪೇಪರ್ ಓದೋಣ ಅಂತ ಬಂದೆ ಮಾವ."

"ತುಮಕೂರಲ್ಲಿ ಪೇಪರ್ ಬರಲ್ವೇನೋ?"

"ಬರುತ್ತೆ ಮಾವ. ಕರೆಂಟ್ ಇರಲ್ಲ."

ಹದಿನಾಲ್ಕು ವರ್ಷದ ಅಭ್ಯಾಸ. ಬಾಯಿ ತಾನಾಗಿಯೇ ಆಡಿಬಿಟ್ಟಿತು. ಹಗಲು ಹನ್ನೊಂದು ಗಂಟೆಯಲ್ಲಿ ಪೇಪರ್ ಓದಲು ಕರೆಂಟ್ ಯಾಕೆ ಬೇಕು ಎಂದು ಮಾವ ಕೇಳಲಿಲ್ಲ. "ಬಾ, ಕಾಫಿ ಕುಡೀವಂತೆ" ಎಂದು ಕೈಹಿಡಿದು ಕರೆದುಕೊಂಡು ಹೋದರು.

ಮುಂದಿನ ರಜೆಯ ದಿನ ಹೆಬ್ಬೂರಿನ ಮೇಲೆ ಹೋಗುವ ಬಸ್ಸು ಹತ್ತಿ ಕುಣಿಗಲ್ಲಿಗೆ ಹೋದೆ. ನಂಜೇಗೌಡರ ಮನೆ ಕೆರೆ ಏರಿಯ ಹತ್ತಿರ. ಮನೆಯ ಮೇಲೆ ಉದ್ದದ ತಂತಿ ಕಟ್ಟಿದ್ದರಿಂದ ಯಾರನ್ನೂ ಕೇಳಬೇಕಾಗಲಿಲ್ಲ. ಗೌಡರು ಆರಡಿ ಆಳು, ಬಿಳಿ ಗಿರಿಜಾ ಮೀಸೆ. ನಡುಮನೆಯ ಪಣತವನ್ನು, ಅಂದರೆ ಕಾಳಿನ ಕಣಜವನ್ನು, ರಾಗಿಗೆ ಬಿಡದೆ ಪುಸ್ತಕದಿಂದ ತುಂಬಿಸಿದ್ದರು. ಆ ಸಿಟ್ಟು ಅವರ ಹೆಂಡತಿಯ ಮುಖದ ಮೇಲೆ ಚೆನ್ನಾಗಿ ಕಾಣುತ್ತಿತ್ತು.

"ಪುಸ್ತಕ ಐತೆ. ಮನೆ ಹೊಸ್ಲು ಮಾತ್ರ ದಾಟಕಿಲ್ಲ" ಎಂದರು ಗೌಡರು. "ಒಯ್ದೋರು ಯಾರೂ ತಂದ್ ಕೊಟ್ಟಿಲ್ಲ ಮೇಷ್ಟ್ರೇ. ಇಲ್ಲೇ ಕೂತ್ಕಂಡು ಬೇಕಾದ್ದು ಬರ್ಕೊಳಿ. ಉಂಡ್ಕೊಂಡ್ ಹೋಗಿ."

ಕೆಂಪು ಪುಸ್ತಕ ನನ್ನ ತೊಡೆಯ ಮೇಲೆ ಬಂದು ಕೂತಾಗ ಆದ ಸಂತೋಷವನ್ನು ಏನು ಹೇಳಲಿ! ಒಂದಕ್ಷರ ಅರ್ಥವಾಗದ ಪುಸ್ತಕವನ್ನು ನಾನು ಅಷ್ಟು ಪ್ರೀತಿಯಿಂದ ಹಿಡಿದದ್ದು ಅದೊಂದೇ. ಅರವತ್ತೆಂಟನೇ ಪುಟದ ತಂತಿಗಳ ನಕ್ಷೆ ಬರೆದುಕೊಂಡೆ. ಎಪ್ಪತ್ತೊಂದು ಬರೆದುಕೊಂಡೆ. ಗರಗಸದ ಹಲ್ಲು ಎಷ್ಟು ಎಂದು ಎಣಿಸಿ ಎಣಿಸಿ ಹಾಕಿದೆ. ಒಂದು ಹಲ್ಲು ಹೆಚ್ಚಾದರೆ ಮನೆಗೆ ಬೆಂಕಿ ಬೀಳಬಹುದೆಂದು ಭಯ. ಗೌಡರು ಪಕ್ಕದಲ್ಲಿ ನಿಂತು ನೋಡಿ, "ಹಲ್ಲೆಷ್ಟಾದ್ರೂ ಒಂದೇಯ ಮೇಷ್ಟ್ರೇ" ಎಂದು ಕನಿಕರದಿಂದ ಹೇಳಿದರು. ನಡುವೆ ಮುದ್ದೆ, ಅವರೆಕಾಳಿನ ಸಾರು. ಊಟವಾದ ಮೇಲೆ ಎಪ್ಪತ್ನಾಲ್ಕನ್ನೂ ಮುಗಿಸಿ, ಕೈತೊಳೆದುಕೊಂಡು ಬಂದು, ಮಿಕ್ಕಿದ್ದೆಲ್ಲ ಇರುವ ಪುಟ ತೆಗೆದೆ.

ನೂರ ಹತ್ತರ ಮುಂದೆ ನೂರ ಹದಿಮೂರು.

ನಡುವಿನ ಹಾಳೆ ಬುಡದಲ್ಲಿ ನೂಲು ಹಿಡಿದಂತೆ ನೀಟಾಗಿ ಕೊಯ್ದಿತ್ತು. ಅಷ್ಟು ನೇರವಾಗಿ ಬ್ಲೇಡು ಹಿಡಿಯಬಲ್ಲವರು ಗುಬ್ಬಿಯಲ್ಲಿ ಒಬ್ಬರೇ. ಗೌಡರ ಮೀಸೆ ನೆಟ್ಟಗಾಯಿತು. "ಯಾವನ್ಲಾ ಅವ್ನು ಬ್ಲೇಡ್ ಹಾಕ್ದೋನು? ಹೊಟ್ಟೆಗ್ ಏನ್ ತಿಂತಿದ್ನೋ! ತಿರುಗ್ಸಿ ಮೇಷ್ಟ್ರೇ, ಹಿಂದ್ಗಡೆ ಚೀಟೀಲಿ ಒಯ್ದೋರ್ ಹೆಸ್ರು ಇರ್ತದೆ."

ತಿರುಗಿಸಿದೆ. ಕೊನೆಯ ರಟ್ಟಿಗೆ ಅಂಟಿಸಿದ ಚೀಟಿಯಲ್ಲಿ ಒಂದೇ ಒಂದು ರುಜು. 'ರು'ವಿನ ಬಾಲವನ್ನು ನವಿಲುಗರಿಯಂತೆ ಎಳೆದ ರುಜು. ನಾನು ಆ ಕ್ಷಣ ಯೋಚಿಸಲಿಲ್ಲ. ಹೆಬ್ಬೆರಳನ್ನು ಅದರ ಮೇಲೆ ಒತ್ತಿ, "ಮಾಸಿಹೋಗಿದೆ ಗೌಡ್ರೇ, ಏನೂ ಕಾಣ್ತಿಲ್ಲ" ಎಂದೆ. ಪುಸ್ತಕ ಮುಚ್ಚಿ ಅವರ ಕೈಗೆ ಕೊಡುವ ತನಕ ಹೆಬ್ಬೆರಳು ತೆಗೆಯಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಮಾವನ ಮೇಲೆ ಕೋಪ ಬರಬೇಕಾಗಿತ್ತು. ಯಾಕೋ ಬರಲಿಲ್ಲ. ಮೂವತ್ತೈದು ವರ್ಷದ ಒಬ್ಬ ಬಡ ಡ್ರಾಯಿಂಗ್ ಮೇಷ್ಟ್ರು ಬ್ಲೇಡು ಹಿಡಿದುಕೊಂಡು ಬಾಗಿಲ ಕಡೆ ನೋಡುತ್ತಿರುವುದು ಕಣ್ಣಿಗೆ ಕಟ್ಟಿ ಪ್ರೀತಿಯೇ ಹೆಚ್ಚಾಯಿತು.

ಇನ್ನೆರಡು ದಿನಕ್ಕೆ ಆಪರೇಷನ್. ಖಲೀಲ್ ಸಾಹೇಬರು ನನ್ನ ಹಾಳೆಗಳನ್ನು ನೋಡಿ, "ಕೈ ಇದೆ, ಕಾಲಿದೆ, ಬೆನ್ನುಮೂಳೆ ಇಲ್ಲ. ಆ ನೂರ ಹನ್ನೆರಡೇ ಇಡೀ ನಕ್ಷೆ" ಎಂದು ತಲೆಯಲ್ಲಾಡಿಸಿದರು. ಆಮೇಲೆ ಧ್ವನಿ ತಗ್ಗಿಸಿ, "ಮಾವನೋರ್ ಕಣ್ಣಿಗೆ ಪಟ್ಟಿ ಇರ್ತದಲ್ಲ? ಒಳಗ್ ಒಂದ್ ಸಣ್ಣ ಟ್ರಾನ್ಸಿಸ್ಟರ್ ಇಟ್ಬುಡ್ತೀನಿ. ಪಾಪ ನಂಗ್ ಹತ್ತಲಿ" ಎಂದರು. ಸೀರೆಯ ಸೆರಗಿನ ಹಿಂದೆ ಅಂಗೈಯಗಲದ ಟ್ರಾನ್ಸಿಸ್ಟರ್ ಒಂದನ್ನು ಕೂರಿಸಿ, ಸ್ವಿಚ್ಚನ್ನು ಹಿಂದಿನಿಂದ ಬೆರಳು ಹಾಕಿದರೆ ಸಿಗುವಂತೆ ಮಾಡಿ ಕಳಿಸಿದರು.

ಮಾವ ಆಸ್ಪತ್ರೆಯಿಂದ ಬಂದರು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದರಲ್ಲಿ ಪೊರೆ. ಮಾರನೆಯ ಬೆಳಿಗ್ಗೆ ಈರುಳ್ಳಿ ದೋಸೆ ತಿಂದು, ಆರಾಮ ಕುರ್ಚಿಯಲ್ಲಿ ಒರಗಿ, "ಹೂಂ, ಹಾಕಪ್ಪ" ಎಂದರು. ನಾನು ಟಕ್ ಎಂದು ಮುಂದಿನ ತಿರುಪು ತಿರುಗಿಸಿದೆ. ಬೆರಳನ್ನು ಹಿಂದೆ ಸ್ವಿಚ್ಚಿನ ಮೇಲಿಟ್ಟುಕೊಂಡು ನಿಂತೆ. ಟ್ರಾನ್ಸಿಸ್ಟರ್ ಹಾಕಿದ ಕೂಡಲೇ ಮಾತಾಡುತ್ತದೆ, ವಾಲ್ವು ಕಾಯಬೇಕು. ಅದನ್ನು ನಾವು ಮರೆತಿರಲಿಲ್ಲ. ಗಿರಿಜ ಬಾಗಿಲಲ್ಲಿ ನಿಂತು ಬೆರಳು ಮಡಿಸುತ್ತ ಎಣಿಸಿದಳು. ನಲವತ್ತಕ್ಕೆ ತಲೆಯಾಡಿಸಿದಳು. ಸ್ವಿಚ್ ಒತ್ತಿದೆ. ಅತ್ತೆಯ ಸೆರಗಿನೊಳಗಿಂದ ಯಾರೋ ರೈತರಿಗೆ ರಾಗಿಯ ಬೆಂಕಿರೋಗದ ವಿಚಾರ ಹೇಳತೊಡಗಿದರು. ಮಾವನ ಮುಖ ಅರಳಿತು. ನಾನೂ ಗಿರಿಜಳೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ಯಾವ್ ಸ್ಟೇಷನ್ನೋ ಇದು?" ಎಂದರು ಮಾವ.

"ಬೆಂಗ್ಳೂರು ಮಾವ."

"ಮುಳ್ಳೆಲ್ಲಿದೆ?"

ಕನ್ನಡ ಮೇಷ್ಟ್ರಿಗೆ ಪ್ರಶ್ನೆ ಕೇಳಿದರೆ ಸರಿಯುತ್ತರ ಹೇಳುವ ಚಟ. "ಬೆಂಗ್ಳೂರ್ ಮೇಲೇ ಇದೆ ಮಾವ!" ಎಂದೆ, ಹೆಮ್ಮೆಯಿಂದ.

ಅಂದದ್ದೇ ತಡ, ನಾಲಿಗೆ ಒಳಕ್ಕೆ ಹೋಯಿತು. ಗಿರಿಜ ಹಣೆ ಚಚ್ಚಿಕೊಂಡಳು. ಮಾವ ಮೆಲ್ಲಗೆ ಎದ್ದು, ಗಾಳಿಯಲ್ಲಿ ಕೈ ತಡವಿಕೊಂಡು ಬಂದು, ಪೆಟ್ಟಿಗೆಯ ತಲೆಯ ಮೇಲೆ ಅಂಗೈ ಇಟ್ಟರು. ನಾನು ಹುಡುಗನಾಗಿದ್ದಾಗ ಇಡುತ್ತಿದ್ದ ಹಾಗೆಯೇ. ಪೆಟ್ಟಿಗೆ ತಣ್ಣಗಿತ್ತು. ಬೆಂಕಿರೋಗದವರು ಮಾತಾಡುತ್ತಲೇ ಇದ್ದರು.

"ಮದ್ರಾಸ್ ಮೇಲಿದೆ ಅಂದಿದ್ರೆ ನಂಬ್ತಿದ್ದೆ ಕಣೋ" ಎಂದರು.

ನನಗೆ ಅಳುವೇ ಬಂತು. ಕ್ಷಮಿಸಿ ಎನ್ನಬೇಕು, ಎಲ್ಲ ಹೇಳಬೇಕು ಎಂದು ಬಾಯಿ ತೆರೆದರೆ ಬಂದದ್ದು ಒಂದೇ ಮಾತು: "ನೂರ ಹನ್ನೆರಡನೇ ಪುಟ ಸಿಗ್ಲಿಲ್ಲ ಮಾವ."

ಮಾವನ ಕೈ ಪೆಟ್ಟಿಗೆಯ ಮೇಲೆಯೇ ನಿಂತಿತು. ನಾನು ಕೈ ಹಿಂದೆ ಹಾಕಿ ಟ್ರಾನ್ಸಿಸ್ಟರ್ ಆರಿಸಿದೆ. ಆಗ ಮಾವ, "ಎಲ್ಲಿ ಸಿಕ್ತೋ ಪುಸ್ತಕ?" ಎಂದರು.

"ಕುಣಿಗಲ್‌ನಲ್ಲಿ. ನಂಜೇಗೌಡ್ರು ಅಂತ. ಬ್ಲೇಡ್ ಹಾಕ್ದೋನು ಸಿಕ್ಕಿದ್ರೆ ಬಿಡಲ್ಲ ಅಂತಿದಾರೆ."

"ಹಿಂದೆ ನನ್ ಹೆಸ್ರಿತ್ತಾ?"

"ಇತ್ತು. ಹೆಬ್ಬೆರಳು ಇಟ್ಟೆ."

ಮಾವ ಮೊದಲು ಸಣ್ಣಗೆ ಕುಲುಕಿದರು. ಆಮೇಲೆ ಕುರ್ಚಿಯ ಕೈ ಹಿಡಿದುಕೊಂಡು ಕೂತು ನಗಲು ಹತ್ತಿದರು. ನಿಲ್ಲಿಸಲಾಗಲಿಲ್ಲ. "ಹೆಬ್ಬೆರಳು! ಮೇಷ್ಟ್ರಾಗಿ ಹೆಬ್ಬೆಟ್ಟು ಒತ್ಬಿಟ್ಯಲ್ಲೋ!" ಗಿರಿಜ ಓಡಿಬಂದು, "ಅಪ್ಪಾಜಿ, ನಗ್ಬೇಡಿ, ಹೊಲಿಗೆ ಬಿಚ್ಕೊಳತ್ತೆ!" ಎಂದು ಅವರ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ನಕ್ಕು ಸುಸ್ತಾದ ಮೇಲೆ ಮಾವ ಹೇಳಿದರು: "ಅಂಥ ನಕ್ಷೆ ಕೈಯಲ್ಲಿ ಬರ್ಕೊಂಡ್ರೆ ಎಲ್ಲಿ ತಪ್ತೀನೋ ಅಂತ ಹೆದರಿ ಕೊಯ್ದೆ ಕಣೋ. ಕೊಯ್ದ್ ಮೇಲೆ ಹಾಳೆ ಯಾರ್ ಕಣ್ಣಿಗಾದ್ರೂ ಬಿದ್ದ್ರೆ? ಒಂದ್ ಕಡೆ ಖಾಲಿ ಇತ್ತು. ಅದ್ರ ಮೇಲೆ ನವಿಲು ಬರ್ದು ಕೂರಿಸ್ಬಿಟ್ಟೆ."

ಮರಿಹಾವುಗಳು! ಬಲ್ಬು ಹತ್ತಿದಾಗ ನವಿಲಿನ ಕಾಲ ಬಳಿ ಹರಿದಾಡುತ್ತಿದ್ದ ನನ್ನ ಬಾಲ್ಯದ ಹಾವುಗಳೆಲ್ಲ ಆ ಪುಟದ ಗರಗಸದ ಹಲ್ಲುಗಳು. ಮೂರು ಊರು ತಿರುಗಿ ಹುಡುಕಿದ್ದನ್ನು ನಾನು ಏಳು ವರ್ಷದವನಾಗಿದ್ದಾಗಲೇ ಕಂಡುಹಿಡಿದಿದ್ದೆ. ಆಗ ಗದರಿಸಿಕೊಂಡೆ.

ಹೇಳಿಕಳಿಸಿದ್ದಕ್ಕೆ ಖಲೀಲ್ ಸಾಹೇಬರು ಸಂಜೆಗೇ ಬಂದರು. ಮಾವನನ್ನು ಕಂಡು "ಸಲಾಂ ಮೇಷ್ಟ್ರೇ, ತಂತಿ ಎಲ್ಲಾ ನೀವ್ ಹೇಳ್ದಂಗೇ ಕಟ್ಟೋದು" ಎಂದರು. ನವಿಲನ್ನು ಬಿಚ್ಚಿ, ಕಿಟಕಿಯ ಗಾಜಿಗೆ ಹಿಡಿದು, ತಿರುವಿ ನೋಡಿದರು. ಮಾವ ಕುರ್ಚಿಯಲ್ಲಿ ಒರಗಿ, ಕಣ್ಣಿಲ್ಲದೆಯೇ, ಯಾವ ತಂತಿ ಎಲ್ಲಿಗೆ ಎಂದು ಬಾಯಲ್ಲಿ ಹೇಳುತ್ತ ಹೋದರು. ನಲವತ್ತು ವರ್ಷದ ಮೇಲೂ ಒಂದೂ ತಪ್ಪಲಿಲ್ಲ. ಖಲೀಲ್ ಸಾಹೇಬರು ಅರ್ಧದಲ್ಲಿ ಹಾಳೆ ನೋಡುವುದನ್ನೇ ಬಿಟ್ಟು ಅವರ ಬಾಯಿ ನೋಡತೊಡಗಿದರು. ಎಲ್ಲ ಇಲ್ಲಿಂದ ಬಂದಿದ್ದು ಎಂದು ಮಾವ ಹೇಳುತ್ತಿದ್ದ ಮಾತು ಅಷ್ಟು ಹೊತ್ತಿಗೆ ನಿಜವೇ ಆಗಿತ್ತು.

ಒಂಬತ್ತನೆಯ ದಿನ ಬೆಳಿಗ್ಗೆ ಗಿರಿಜ ನಮ್ಮ ಹಿತ್ತಲಿಗೆ ಹೋಗಿ, ಖಲೀಲ್ ಸಾಹೇಬರು ಹೊಸದಾಗಿ ತಂತಿ ಹೂತಿದ್ದ ಅರ್ತ್ ಗುಂಡಿಗೆ ಒಂದು ತಂಬಿಗೆ ನೀರು ಹಾಕಿ, ಅವಳಮ್ಮನ ಹಾಗೆ ಎರಡು ಹೂವು ಇಟ್ಟು ಬಂದಳು. ಪಟ್ಟಿ ತೆಗೆದು ಕಪ್ಪು ಕನ್ನಡಕ ಹಾಕಿದ್ದ ಮಾವ ತಾವೇ ತಿರುಪು ತಿರುಗಿಸಿದರು. ನಾನು ಅಂಗೈ ಇಟ್ಟು ಎಣಿಸಿದೆ. ಮೂವತ್ತಾರಕ್ಕೇ ಗಂಟಲು ಸರಿಮಾಡಿಕೊಂಡಿತು. ಮುಳ್ಳು ಮದರಾಸಿನ ಮೇಲೆ, ಮಾತು ಬೆಂಗಳೂರಿನದು, ವಿಷಯ ತೆಂಗಿನ ನುಸಿ. ಅಷ್ಟು ಮಧುರವಾದ ತೆಂಗಿನ ನುಸಿಯನ್ನು ನಾನು ಮತ್ತೆ ಕೇಳಿಲ್ಲ. ಮಾವ ಸೆರಗಿನ ಬಟ್ಟೆಗೆ ಎರಡು ಬೆರಳು ತಾಗಿಸಿಕೊಂಡು ಕೂತಿದ್ದರು. ಬೆಚ್ಚಗೆ ಅದುರುತ್ತಿತ್ತು.

ಕಣ್ಣು ಸರಿಹೋದ ಮೇಲೆ ಮಾವ ಒಂದು ಒಳ್ಳೆಯ ಹಾಳೆಯ ಮೇಲೆ ನೂರ ಹನ್ನೆರಡನೇ ಪುಟವನ್ನು ಇಂಡಿಯನ್ ಇಂಕಿನಲ್ಲಿ ಬರೆದು, ಕೆಳಗೆ ರುಜು ಮಾಡಿ, ನನ್ನ ಕೈಲಿ ಕುಣಿಗಲ್ಲಿಗೆ ಕಳಿಸಿದರು. ನಂಜೇಗೌಡರು ರುಜು ನೋಡಿದರು, ನನ್ನ ಹೆಬ್ಬೆರಳನ್ನೂ ನೋಡಿದರು. "ಅಚ್ಚಿಗಿಂತ ಚೆಂದಾಗ್ ಬರ್ದವ್ನೆ ಕಳ್ಳ" ಎಂದು ಹೇಳಿ ಅಂಟು ತರಲು ಒಳಗೆ ಹೋದರು.

ಅದು ತಿಂಗಳ ಮೇಲಿನ ಮಾತು. ಮಾವ ನಮ್ಮ ಮನೆಯಿಂದ ಹೊರಟ ದಿನ ನಡೆದದ್ದು ಹೇಳುವುದು ಬಾಕಿ ಇದೆ. ಬಸ್ ಸ್ಟ್ಯಾಂಡಿನಲ್ಲಿ ಗುಬ್ಬಿ ಬಸ್ಸಿಗೆ ಹತ್ತಿಸಿ, ಕಿಟಕಿಯ ಪಕ್ಕ ಕೂರಿಸಿ, ನಾನು ಕೆಳಗೆ ನಿಂತಿದ್ದೆ. ಬಸ್ಸು ಹೊರಡುವಾಗ ಮಾವ ಕಪ್ಪು ಕನ್ನಡಕದ ಮುಖವನ್ನು ಹೊರಗೆ ಚಾಚಿ ಕರೆದರು.

"ಶಿವಲಿಂಗು, ಇನ್ಮೇಲೆ ನಾನ್ ಬಂದಾಗ ಫ್ಯೂಸ್ ಕೀಳ್ಬೇಡ ಕಣೋ. ಹದಿನಾಲ್ಕು ವರ್ಷದಿಂದ ವನಜಾಕ್ಷಮ್ಮನ ಮಿಕ್ಸಿ ಕೇಳ್ತಿದೀನಿ. ಗಿರಿಜಂಗೂ ಕೆಮ್ಮಿ ಕೆಮ್ಮಿ ಗಂಟ್ಲು ಕಟ್ಟೋಗತ್ತೆ."